ಹದಿನೇಳನೇ ನಂಬರಿನ ಗೋಲ್‌ಕೀಪರ್

"ಬೇಕಾದ್ರ ಮೂಸಿ ನೋಡೋ. ಹೊಸಾ ಕಾಗದದ ವಾಸನಿ ಬರ್ತೈತೇನು?" ಎಂದು ಯಶವಂತ ಆ ಚೀಟಿಯನ್ನು ಚಹದ ಕಪ್ಪುಗಳ ನಡುವಿನಿಂದ ನನ್ನ ಕಡೆಗೆ ತಳ್ಳಿದ.

ನಾಂಪಲ್ಲಿ ಸ್ಟೇಷನ್ನಿನ ಹತ್ತಿರದ ಇರಾನಿ ಹೋಟೆಲಿನಲ್ಲಿ ಕೂತಿದ್ದೆವು. ನನ್ನ ಆಫೀಸು ಅಲ್ಲಿಂದ ನಾಲ್ಕು ಹೆಜ್ಜೆ. ಊಟದ ಬಿಡುವಿನಲ್ಲಿ ಬಾ, ಒಂದು ವಸ್ತು ತೋರಿಸುವುದಿದೆ ಎಂದು ಫೋನು ಮಾಡಿದ್ದ. ದೊಡ್ಡವರಾದ ಮೇಲೆ ಅವನು ತಾನಾಗಿ ನನಗೆ ಫೋನು ಮಾಡಿದ್ದು ಅದೇ ಮೊದಲು. ಅಂದಮೇಲೆ ಇದರಲ್ಲಿ ಏನೋ ಇದೆ ಎಂದುಕೊಂಡೇ ಹೋಗಿದ್ದೆ.

ಮುಟ್ಟದೆಯೇ ನೋಡಿದೆ. ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡ ಚೀಟಿ. ಹಸಿರು ಅಂಗಿಯ ಗೋಲ್‌ಕೀಪರ್ ಎಡಕ್ಕೆ ಅಡ್ಡಡ್ಡ ಹಾರಿದ್ದಾನೆ. ಮೂಲೆಯಲ್ಲೊಂದು ಹಳದಿ ವೃತ್ತ, ಅದರೊಳಗೆ ಹದಿನೇಳು.

ಈ ಹದಿನೇಳರ ಕತೆ ಹೇಳಿಬಿಡುತ್ತೇನೆ. ಎಂಬತ್ತಾರನೇ ಇಸವಿಯಲ್ಲಿ ನಮಗಿಬ್ಬರಿಗೂ ಹತ್ತು ವರ್ಷ. ಕಾಚಿಗುಡಾದ ಒಂದೇ ಓಣಿ, ಒಂದೇ ಶಾಲೆ, ಒಂದೇ ಬೆಂಚು. ಫುಟ್‌ಬಾಲ್ ವಿಶ್ವಕಪ್ಪಿನ ವರ್ಷ ಅದು. 'ಚಿಲಿಪಿ' ಅಂತ ತೆಲುಗಿನ ಒಂದು ಮಕ್ಕಳ ಕಾಮಿಕ್ಸ್ ಶನಿವಾರಕ್ಕೊಮ್ಮೆ ಬರುತ್ತಿತ್ತು. ಆ ಬೇಸಿಗೆಯಿಂದ ಅದರ ಹೊಟ್ಟೆಯೊಳಗೆ ಆಟಗಾರರ ಮೂರು ಮೂರು ಅಂಟುಚೀಟಿ ಇಡಲು ಶುರುಮಾಡಿದರು. ಹಿಂಬದಿಯಲ್ಲಿ ಒಣಗಿದ ಗೋಂದು, ನಾಲಿಗೆಗೆ ತಾಗಿಸಿ ಆಲ್ಬಮ್ಮಿಗೆ ಅಂಟಿಸಬೇಕು. ಒಟ್ಟು ಮೂವತ್ತಾರು. ಎಲ್ಲವನ್ನೂ ಸೇರಿಸಿ ಕಳಿಸಿದವರಿಗೆ ನಿಜವಾದ ಚರ್ಮದ ಫುಟ್‌ಬಾಲ್. ನಮ್ಮ ಓಣಿಯಲ್ಲಿ ಚರ್ಮದ ಚೆಂಡನ್ನು ಕಣ್ಣಾರೆ ಕಂಡವರೇ ಇರಲಿಲ್ಲ.

ಇಬ್ಬರಿಗೂ ಸೇರಿ ಒಂದೇ ಆಲ್ಬಮ್. ಕಾಮಿಕ್ಸ್ ಕೊಳ್ಳುವುದು ಒಂದು ಶನಿವಾರ ಅವನ ಪಾಳಿ, ಮುಂದಿನದು ನನ್ನದು. ಎರಡೆರಡು ಬಂದದ್ದನ್ನು ಶಾಲೆಯಲ್ಲಿ ಅದಲುಬದಲು ಮಾಡಿಕೊಂಡು ಮೂವತ್ತೈದು ಕೂಡಿಸಿದೆವು. ಹದಿನೇಳು ಮಾತ್ರ ಬರಲಿಲ್ಲ. ಆಲ್ಬಮ್ಮಿನ ನಡುಪುಟದಲ್ಲಿ ಇಡೀ ಮೈದಾನದ ಚಿತ್ರ. ಹತ್ತು ಮಂದಿ ಚೆಂಡಿನ ಹಿಂದೆ ಬಿದ್ದಿದ್ದಾರೆ, ಬಲೆಯ ಮುಂದೆ ಮಾತ್ರ ಖಾಲಿ ಚೌಕ. ಯಾರು ಬೇಕಾದರೂ ಬಂದು ಗೋಲು ಹೊಡೆದು ಹೋಗಬಹುದು, ಹಾಗೆ ಬಾಗಿಲು ತೆರೆದ ಮನೆಯಂತೆ ಕಾಣುತ್ತಿತ್ತು.

ಅಕ್ಟೋಬರಿನ ಒಂದು ಶನಿವಾರ, ಅವನ ಪಾಳಿ. ನಾನು ಅಂಗಡಿಗೆ ಹೋಗುವುದು ತಡವಾಯಿತು. ದೂರದಿಂದಲೇ ನೋಡಿದೆ: ಯಶವಂತ ಕಾಮಿಕ್ಸನ್ನು ಕಂಕುಳಲ್ಲಿಟ್ಟುಕೊಂಡು ಚಿಕ್ಕದೊಂದು ಕಾಗದವನ್ನು ಅಂಗಿಯ ಜೇಬಿಗೆ ತುರುಕಿ ಗುಂಡಿ ಹಾಕಿಕೊಂಡ. ಏನದು ಎಂದು ಕೇಳಿದರೆ ಏನೂ ಇಲ್ಲ ಎಂದ. ಜೇಬು ತೋರಿಸು ಎಂದರೆ ಅದರ ಮೇಲೆ ಕೈಯಿಟ್ಟುಕೊಂಡು ಓಡಿದ. ಸೋಮವಾರ ಇಡೀ ಕ್ಲಾಸಿನೆದುರು ಅವನನ್ನು ಕಳ್ಳ ಎಂದೆ. ಅವನು ಬೆಂಚು ಬದಲಿಸಿದ. ಆಲ್ಬಮ್ ನನ್ನ ಹತ್ತಿರವೇ ಉಳಿಯಿತು. ಆಮೇಲೆ ಮದುವೆ ಮುಂಜಿಗಳಲ್ಲಿ ಎದುರಾದಾಗ "ಆರಾಮ?" "ಆರಾಮ." ಮೂವತ್ತೊಂಬತ್ತು ವರ್ಷ ನಮ್ಮ ಮಾತು ಅಷ್ಟೇ.

ಈಗ ಅದೇ ಹದಿನೇಳನ್ನು ತಂದು ಮುಂದಿಟ್ಟಿದ್ದಾನೆ.

"ಯಶವಂತರ, ಇದು ನಿಮಗ ಎಲ್ಲಿ ಸಿಕ್ತರಿ?" ಎಂದೆ.

"ನನಗ ರೀ ಹಚ್ಚಿ ಮಾತಾಡಾಕತ್ತೀಯಲ್ಲೋ ಪದ್ಯಾ. ನಾ ಏನ್ ನಿಮ್ಮ ಆಫೀಸಿಗೆ ಅರ್ಜಿ ಹಿಡಕೊಂಡು ಬಂದೀನೇನು?"

ಅವನ ಕಸುಬು ಮೋಟಾರು ರಿಪೇರಿ. ನಾಚಾರಂನಲ್ಲಿ ಒಂದು ಬೈಂಡಿಂಗ್ ಕಾರ್ಖಾನೆ ಮುಚ್ಚುತ್ತಿದೆಯಂತೆ, ಅಲ್ಲಿನ ಕಟಿಂಗ್ ಮಷೀನಿನ ಮೋಟಾರು ಬಿಚ್ಚಲು ಹೋಗಿದ್ದನಂತೆ. ದಾರಿಗೆ ಅಡ್ಡವಾಗಿದ್ದ ಹಳೇ ಮೇಜನ್ನು ಸರಿಸಿದರೆ ಅದರ ಕಾಲ ಕೆಳಗೆ ಒಂದು ಕಟ್ಟು, ಕಟ್ಟಿನ ತುಂಬ ಇದೇ ಚೀಟಿ. ಅಲ್ಲಿನ ಕಾವಲು ಹೆಂಗಸು ಹುಸೇನಮ್ಮ ಎಂಬಾಕೆ ಒಂದನ್ನು ಮಾತ್ರ ಕೊಟ್ಟಳಂತೆ. ಇಷ್ಟು ಹೇಳಿ ಬನ್ನು ಅದ್ದಿಕೊಂಡು ಚಹ ಕುಡಿಯತೊಡಗಿದ.

ನಾನು ಆಫೀಸಿನಲ್ಲಿ ಮಾಡುವುದೇ ದಾಖಲೆಗಳ ಪರಿಶೀಲನೆ. ಕಾಗದಕ್ಕೆ ಚಹದ ಕಷಾಯ ಬಳಿದು ಹಳೆಯದು ಮಾಡುವವರನ್ನು ಕಂಡಿದ್ದೇನೆ, ಅಕ್ಕಿಯ ಡಬ್ಬಿಯಲ್ಲಿಟ್ಟು ಮುದಿಯಾಗಿಸುವವರನ್ನು ಕಂಡಿದ್ದೇನೆ. ಮೇಜಿನ ಕಾಲ ಕೆಳಗೆ ಸಿಕ್ಕಿತು ಎಂಬ ಕತೆ ಮಾತ್ರ ಮೊದಲ ಸಲ ಕೇಳಿದ್ದು. ಮನೆಗೆ ಒಯ್ದು ನೋಡುತ್ತೇನೆ ಎಂದೆ. ತಗೊಂಡು ಹೋಗು ಎಂದ. ಅಷ್ಟು ಸಲೀಸಾಗಿ ಕೊಟ್ಟದ್ದು ನನಗೆ ಇನ್ನೊಂದು ಸಂಶಯವಾಯಿತು.

ಆ ಸಂಜೆ ಮಿಯಾಪುರದ ಮನೆಯಲ್ಲಿ ಆಲ್ಬಮ್ ಬಿಚ್ಚಿ ಭೂತಗನ್ನಡಿ ಹಿಡಿದು ಕೂತೆ. ನನ್ನ ಮೂವತ್ತೈದು ಚೀಟಿಗಳಲ್ಲೂ ಒಂದು ದೋಷವಿದೆ: ಕೆಂಪು ಬಣ್ಣ ಗೆರೆಯಿಂದ ಕೂದಲೆಳೆಯಷ್ಟು ಎಡಕ್ಕೆ ಹೊರಬಿದ್ದಿದೆ. ಅಚ್ಚಿನವನ ಕೈತಪ್ಪು. ಹದಿನೇಳರಲ್ಲೂ ಗೋಲ್‌ಕೀಪರನ ಕಾಲುಚೀಲದ ಕೆಂಪು ಅಷ್ಟೇ ಎಡಕ್ಕೆ ಹೊರಬಿದ್ದಿತ್ತು. ಹಿಂದಿನ ಗೋಂದು ಅದೇ ಕಂದು ಬಣ್ಣ, ಒಂದು ನಾಲಿಗೆಯೂ ತಾಗಿರಲಿಲ್ಲ. ಚೀಟಿ ಅಸಲಿ.

ಸಮಾಧಾನವಾಗಬೇಕಿತ್ತು, ಆಗಲಿಲ್ಲ. ನಕಲಿಯಾಗಿದ್ದರೆ ಈಗಿನ ಮೋಸ ಎಂದು ಬಿಟ್ಟುಬಿಡಬಹುದಿತ್ತು. ಅಸಲಿ ಎಂದರೆ ಅವತ್ತು ಜೇಬಿಗೆ ಹೋದದ್ದೇ ಇದು. ಐವತ್ತು ಹತ್ತಿರ ಬಂತು, ಮನಸ್ಸು ಚುಚ್ಚಿರಬೇಕು, ಮೇಜಿನ ಕಾಲಿನ ಕತೆ ಕಟ್ಟಿ ಹಿಂದಿರುಗಿಸುತ್ತಿದ್ದಾನೆ. ಚಿತ್ರದ ನಡುವೆ ಒಂದು ಚೌಕದ ತಗ್ಗು ಬೇರೆ ಇತ್ತು, ಯಾರೋ ಬೇಕೆಂದೇ ಒತ್ತಿದಂತೆ. ಕತೆಗೆ ಹೊಂದಲಿ ಎಂದು ಇವನೇ ಒತ್ತಿರಬಾರದೇಕೆ?

ನನ್ನ ಹೆಂಡತಿ ಸತ್ಯಭಾಮಾ ಒಗ್ಗರಣೆ ಸೌಟು ಹಿಡಿದೇ ಬಂದು ನೋಡಿದಳು. "ನನ್ನನ್ನ ನೋಡಾಕ ಬಂದಾಗ ಇಷ್ಟು ಹೊತ್ತು ನೋಡಿದ್ದಿಲ್ಲ ನೀವು," ಎಂದಳು. ಆಮೇಲೆ, ಅಷ್ಟು ಅನುಮಾನವಿದ್ದರೆ ಆ ಹೆಂಗಸನ್ನೇ ಹೋಗಿ ಕೇಳಬಾರದೇಕೆ ಎಂದು ಒಳಗೆ ಹೋದಳು. ಅವಳ ಮಾತು ನಿಜವಿತ್ತು. ಆದರೆ ಹೇಳಿ ಹೋದರೆ ಅವನು ಮೊದಲೇ ಪಾಠ ಮಾಡಿಸಿ ಇಟ್ಟಿರುತ್ತಾನೆ. ಹೇಳದೆ ಹೋಗಬೇಕು.

ಮಂಗಳವಾರ ರಜೆ ಹಾಕಿ, ಆಲ್ಬಮ್ಮನ್ನು ಚೀಲದಲ್ಲಿಟ್ಟುಕೊಂಡು ಮೆಟ್ರೊ ಹತ್ತಿದೆ. ಅಮೀರ್‌ಪೇಟೆಯಲ್ಲಿ ಬದಲಿಸಿ, ಹಬ್ಸಿಗುಡಾದಲ್ಲಿ ಇಳಿದು, ನಾಚಾರಂಗೆ ಆಟೊ. ತಗಡಿನ ಶೆಡ್ಡುಗಳ ನಡುವೆ ಬೈಂಡಿಂಗ್ ಕಾರ್ಖಾನೆ ಹುಡುಕುವುದು ಕಷ್ಟವಾಗಲಿಲ್ಲ. ಬಾಗಿಲಲ್ಲಿ ಕೂತು ಮೆಂತ್ಯೆ ಸೊಪ್ಪು ಬಿಡಿಸುತ್ತಿದ್ದ ಅರವತ್ತರ ಹತ್ತಿರದ ಹೆಂಗಸು ನನ್ನ ತೆಲುಗು ಕೇಳಿಯೇ, "ಕನ್ನಡದಾಗ ಮಾತಾಡ್ರಿ ಸಾಹೇಬ್ರ, ನಾವು ಯಾದಗಿರಿ ಕಡಿಯವರು," ಎಂದಳು. ಅವಳೇ ಹುಸೇನಮ್ಮ.

ಜೇಬಿನಿಂದ ಚೀಟಿ ತೆಗೆದು ತೋರಿಸಿ, ಇದು ಎಲ್ಲಿಂದ ಬಂತು ಎಂದು ಕೇಳಿದೆ, ಆಫೀಸಿನ ಧಾಟಿಯಲ್ಲೇ. ಅವಳು ಸೊಪ್ಪಿನ ಪುಟ್ಟಿ ಬದಿಗಿಟ್ಟಳು. ತಂದೆ ತಾಯಿ ಗಾರೆ ಕೆಲಸಕ್ಕೆ ಬಂದು ಇಲ್ಲೇ ನಿಂತದ್ದು, ಹತ್ತೊಂಬತ್ತನೇ ವಯಸ್ಸಿಗೆ ತಾನು ಈ ಕಾರ್ಖಾನೆ ಸೇರಿದ್ದು, ಎಲ್ಲವನ್ನೂ ಮೊದಲಿನಿಂದ ಹೇಳಿದಳು. ಉದ್ದ ಮೇಜಿನ ಸುತ್ತ ಎಂಟು ಹೆಂಗಸರು. ಚೀಟಿಯ ಗುಡ್ಡೆಗಳನ್ನು ಸಾಲಾಗಿಟ್ಟು, ಪುಸ್ತಕ ಬಿಚ್ಚಿ ಒಳಗೆ ಮೂರು ಚೀಟಿ ಇಟ್ಟು ಮುಚ್ಚುವುದು ಅವರ ಕೆಲಸ. ಬೇರೆ ನಂಬರಿನವು ಗೋಣಿಚೀಲದಲ್ಲಿ ಬರುತ್ತಿದ್ದವಂತೆ. ಒಂದು ಮಾತ್ರ ಒಂದೇ ಕಟ್ಟು ಬಂತಂತೆ. ಇಡೀ ಊರಿಗೆ ಚೆಂಡು ಹಂಚಲಿಕ್ಕೆ ಆಗುತ್ತದೆಯೆ, ಆ ಕಟ್ಟಿನದನ್ನು ಕೈ ಬಿಗಿಹಿಡಿದು ಹಾಕಿರಿ ಎಂದು ಮೇಸ್ತ್ರಿ ಹೇಳಿಹೋಗಿದ್ದನಂತೆ.

"ಮತ್ತ ಯಾಕ ಹಾಕಲಿಲ್ಲ?"

"ನೆಲ ನೋಡ್ರಿ, ನೀರು ಹರೀಲಿ ಅಂತ ಇಳಿಜಾರು ಮಾಡ್ಯಾರ. ಮೇಜು ಅಲ್ಲಾಡಿದ್ರ ಗುಡ್ಡಿ ಎಲ್ಲಾ ಜಾರಿ ಕಲಸಿ ಹೋಗ್ತಿತ್ತು. ಮೇಸ್ತ್ರಿ ಬೈತಿದ್ದ. ನನಗ ಓದಾಕ ಬರ್ತಿದ್ದಿಲ್ಲ. ಸಣ್ಣ ಕಟ್ಟು, ಕಲ್ಲಿನಂಗ ಗಟ್ಟಿ ಐತಿ ಅಂತ ಕಾಲಿನ ಕೆಳಗ ಇಟ್ಟೆ. ಮೇಜು ನಿಂತ್ಕೊಂತು."

ತಿಂಗಳುಗಟ್ಟಲೆ ಯಾರೂ ಕೇಳಲಿಲ್ಲವಂತೆ. ಒಂದು ಚೆಂಡೂ ಹೋಗಿಲ್ಲವಲ್ಲ ಎಂದು ಮೇಸ್ತ್ರಿ ಆಮೇಲೆ ವಿಚಾರಿಸಿದಾಗಲೇ ಇವಳಿಗೆ ಗೊತ್ತಾದದ್ದು. ಕೆಲಸದಿಂದ ತೆಗೆಯುತ್ತಾರೆಂಬ ಹೆದರಿಕೆಯಲ್ಲಿ ಬಾಯಿ ಮುಚ್ಚಿಕೊಂಡಳು. ಅಷ್ಟರಲ್ಲಿ ಕಾಮಿಕ್ಸೂ ನಿಂತುಹೋಯಿತು. ಮೇಜು ಮಾತ್ರ ಅಲ್ಲಾಡದೆ ನಿಂತಿತ್ತು.

ಕತೆ ಚೆನ್ನಾಗಿತ್ತು. ಚೆನ್ನಾಗಿದ್ದದ್ದೇ ನನಗೆ ತೊಡಕು. "ಹುಸೇನಮ್ಮ, ಯಶವಂತ ನಿಮಗ ಹೀಂಗ ಹೇಳ್ರಿ ಅಂತ ಹೇಳಿಕೊಟ್ಟಾನೇನು?"

ಅವಳು ನನ್ನನ್ನು ಮೇಲಿನಿಂದ ಕೆಳಗಿನವರೆಗೂ ನೋಡಿದಳು. "ಹೇಳಿಕೊಟ್ಟಿದ್ರ ಇನ್ನೂ ಚಂದ ಹೇಳ್ತಿದ್ದೆ. ನನ್ನ ತಪ್ಪು ನಾನ ಯಾಕ ಒಪ್ಕೊಂತಿದ್ದೆ ಸಾಹೇಬ್ರ?"

ಒಳಗಿನಿಂದ ಕಟ್ಟು ತಂದಿಟ್ಟಳು. ಕಂದು ಕಾಗದ, ಅಡ್ಡ ಉದ್ದ ಸುತಳಿ. ಗಂಟು ಹಾಕಿದಂತೆಯೇ ಇತ್ತು, ಧೂಳು ತುಂಬಿ ಕಲ್ಲಾಗಿತ್ತು. ಮೇಲಿನ ಕಾಗದ ಮಾತ್ರ ನಡುವೆ ಸವೆದು ಹರಿದಿತ್ತು. ಆ ಹರಕಿನಿಂದಲೇ ಮೊದಲ ಚೀಟಿ ಹೊರಬಂದಿರಬೇಕು. ನಾನು ಎರಡನೆಯದನ್ನು ಮೆಲ್ಲಗೆ ಎಳೆದೆ. ಹಸಿರು ಅಂಗಿಯ ಮೇಲೆ ಅದೇ ಚೌಕದ ತಗ್ಗು, ನನ್ನ ಹತ್ತಿರ ಇದ್ದದ್ದಕ್ಕಿಂತ ಕೊಂಚ ಕಡಿಮೆ. ಮೂರನೆಯದರಲ್ಲಿ ಇನ್ನೂ ಕಡಿಮೆ. ಏಳೆಂಟು ಎಳೆಯುವಷ್ಟರಲ್ಲಿ ತಗ್ಗು ಕಣ್ಣಿಗೆ ಸಿಗದೆ ಬೆರಳಿಗಷ್ಟೇ ಸಿಗುತ್ತಿತ್ತು. ಇದನ್ನು ಯಾರೂ ಕೂತು ಒತ್ತಲಾರರು. ಆದರೂ ಅಭ್ಯಾಸಬಲ. ಮೇಜಿನ ಹತ್ತಿರ ಹೋಗಿ ಮಂಡಿಯೂರಿ, ಕಾಲನ್ನೆತ್ತಿ ನನ್ನ ಚೀಟಿಯನ್ನು ಅದರ ಕೆಳಗಿಟ್ಟು ನೋಡಿದೆ. ತಗ್ಗಿನಲ್ಲಿ ಕಾಲು ಮುಚ್ಚಳದಂತೆ ಕೂತಿತು.

ಅಂದರೆ ಎಂಬತ್ತಾರರಲ್ಲಿ ಒಂದು ಹದಿನೇಳೂ ಈ ಶೆಡ್ಡು ಬಿಟ್ಟು ಹೋಗಿರಲಿಲ್ಲ. ಕಾಚಿಗುಡಾಕ್ಕೂ ಇಲ್ಲ, ಯಾರ ಜೇಬಿಗೂ ಇಲ್ಲ.

"ಅಳತಿ ಸರಿ ಬಂತೇನೋ?"

ತಲೆಯೆತ್ತಿದರೆ ಯಶವಂತ ಬಾಗಿಲಲ್ಲಿ ನಿಂತಿದ್ದ. ಕೈಯಲ್ಲಿ ನಟ್ಟು ಬಿಚ್ಚುವ ಪಾನಾ, ಮೊಣಕೈವರೆಗೆ ಗ್ರೀಸು. ಹಿತ್ತಲಲ್ಲಿ ಮೋಟಾರು ಬಿಚ್ಚುತ್ತಿದ್ದನಂತೆ, ನನ್ನ ದನಿ ಕೇಳಿ ಬಂದಿದ್ದ. ಮೇಜಿನ ಕೆಳಗಿನಿಂದ ಏಳಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ಬರೀ ಮಂಡಿಯ ಕಾರಣಕ್ಕಲ್ಲ.

"ಹಂಗಾದ್ರ ಅವತ್ತು ಜೇಬಿನಾಗ ಏನಿತ್ತು?" ಎಂದೆ.

"ಗಣಿತದ ಮಾರ್ಕ್ಸ್ ಚೀಟಿ. ಐವತ್ತಕ್ಕ ಒಂಬತ್ತು. ಅಪ್ಪನ ಸಹಿ ನಾನ ಮಾಡಿದ್ದೆ. ನಿನಗ ತೋರಿಸಿದ್ರ ನಿಮ್ಮವ್ವಗ ಹೇಳ್ತಿದ್ದಿ, ನಿಮ್ಮವ್ವ ನೀರಿನ ನಳದ ಹತ್ರ ನಮ್ಮವ್ವಗ ಹೇಳ್ತಿದ್ಲು."

ಹೇಳುತ್ತಿದ್ದೆ. ಅದರಲ್ಲಿ ಸಂಶಯವಿಲ್ಲ.

"ಅವತ್ತ ಹೇಳಬೇಕಿತ್ತಲ್ಲ."

"ಕಳ್ಳ ಅಂದ ಮ್ಯಾಲೆ ಫೇಲಾದವ ಅಂತನೂ ಹೇಳ್ಕೋಬೇಕಿತ್ತೇನು?"

ಹುಸೇನಮ್ಮ ನನ್ನ ಚೀಲದಿಂದ ಇಣುಕುತ್ತಿದ್ದ ಆಲ್ಬಮ್ಮಿನ ಕಡೆ ಕೈತೋರಿಸಿ, ನೋಡಬಹುದೇ ಎಂದು ಕೇಳಿದಳು. ಅದೇ ಅಲ್ಲಾಡುವ ಮೇಜಿನ ಮೇಲೆ ಬಿಡಿಸಿಟ್ಟೆ. ಕೈ ಒರೆಸಿಕೊಂಡು ಒಂದೊಂದೇ ಪುಟ ತಿರುಗಿಸಿದಳು. ಸಾವಿರಾರು ಚೀಟಿ ತನ್ನ ಬೆರಳಿನಿಂದ ದಾಟಿಹೋಗಿದ್ದವು, ಎಲ್ಲಿಗೆ ಹೋಗಿ ಕೂತವು ಎಂದು ಇವತ್ತೇ ನೋಡಿದ್ದು ಎಂದಳು. ನಡುಪುಟಕ್ಕೆ ಬಂದಾಗ ಖಾಲಿ ಚೌಕದ ಮೇಲೆ ಬೆರಳಿಟ್ಟಳು. ಆಮೇಲೆ ಒಳಗೆ ಹೋಗಿ ಒಂದು ಬಸಿಯಲ್ಲಿ ನಾಲ್ಕು ಅನ್ನದ ಅಗುಳು ತಂದಿಟ್ಟಳು. "ಆ ಗೋಂದು ಸತ್ತಿರ್ತೈತಿ. ಇದರಿಂದ ಹಚ್ಚ್ರಿ," ಎಂದಳು.

ಎರಡನೆಯ ಚೀಟಿ ನೀಟಾಗಿತ್ತು, ಏಳನೆಯದು ಇನ್ನೂ ನೀಟಾಗಿತ್ತು. ನಾನು ಯಶವಂತ ಕೊಟ್ಟದ್ದನ್ನೇ, ತಗ್ಗು ಬಿದ್ದದ್ದನ್ನೇ ಎತ್ತಿಕೊಂಡೆ. ಬೆನ್ನಿಗೆ ಅಗುಳು ಉಜ್ಜಿದೆ. ಉಜ್ಜಿ, ಅಲ್ಲೇ ನಿಲ್ಲಿಸಿದೆ. ಲೆಕ್ಕ ಹಾಕಿದರೆ ಜಗಳಕ್ಕೆ ಹಿಂದಿನ ಶನಿವಾರ ನನ್ನದಾಗಿತ್ತು. ಪಾಳಿ ಅವನದು.

"ಹಚ್ಚೋ, ಯಾಕ ನಿಂತಿ? ನನ್ನ ಕೈ ಗ್ರೀಸ್ ಆಗೈತಿ," ಎಂದ.

"ಯಶ್ಯಾ, ಕೈ ತೊಳ್ಕೊಂಡು ಬಾ," ಎಂದೆ.

ಅವನು ಪಾನಾವನ್ನು ಕಿಟಕಿಯ ಮೇಲಿಟ್ಟು ಹಿತ್ತಲ ನಳದ ಕಡೆ ಹೋದ. ಸಾಬೂನಿಗೆ ಅಷ್ಟು ಬೇಗ ಗ್ರೀಸು ಬಿಡುವುದಿಲ್ಲ. ನೀರು ಬೀಳುವ ಸದ್ದು ಬಹಳ ಹೊತ್ತು ಕೇಳುತ್ತಿತ್ತು. ನಾನು ಫ್ಯಾನಿನ ಗಾಳಿಗೆ ಪುಟ ಹಾರದಂತೆ ಒತ್ತಿ ಹಿಡಿದು ನಿಂತಿದ್ದೆ. ಚೀಟಿಯ ಬೆನ್ನ ಮೇಲಿನ ಅಗುಳು ಒಣಗಿದ್ದನ್ನು ಕಂಡು ಹುಸೇನಮ್ಮ ಉಗುರಿನಿಂದ ಅದನ್ನು ಕೆರೆದು ತೆಗೆದಳು, ಬಸಿಯಿಂದ ಇನ್ನೊಂದು ಮೆತ್ತನೆಯ ಅಗುಳನ್ನು ಆರಿಸಿ ಇಟ್ಟಳು.