ಹಿಂದಿನ ಅಂಕಿ

ಆ ಪ್ರೋಗ್ರಾಂ ದಿನಕ್ಕೆ ಮೂರು ಸಲವಾದರೂ ಪ್ರಾಣ ಬಿಡುತ್ತಿತ್ತು. ರಕ್ತ ಪರೀಕ್ಷೆಯ ಯಂತ್ರಕ್ಕೆ ಒಂದು ಸ್ಯಾಂಪಲ್ ಓದಲಾಗದಿದ್ದರೆ ಸಾಕು, ಕಂಪ್ಯೂಟರಿನ ಪರದೆ ಬೆಳ್ಳಗಾಗಿ ಎಲ್ಲ ಮುಚ್ಚಿಕೊಂಡುಬಿಡುತ್ತಿತ್ತು. ಲ್ಯಾಬಿನಲ್ಲಿ ಕೆಲಸಕ್ಕಿದ್ದ ಅತ್ತಿಗೆ ಆ ಸಿಟ್ಟನ್ನೆಲ್ಲ ಊಟದ ಮೇಜಿಗೆ ಹೊತ್ತು ತರುತ್ತಿದ್ದಳು. ಪ್ರೋಗ್ರಾಂ ಬರೆದ ನಾದಿನಿ ಎದುರಿಗೇ ಕೂತಿರುತ್ತಿದ್ದಳಲ್ಲ!

"ಒಂದು ಸೀನು ಬಂದ್ರೂ ಹೆಣ ಬೀಳತ್ತಲ್ಲೇ ನಿನ್ನ ಪ್ರೋಗ್ರಾಂ! ಮೂಗು ಒರೆಸ್ಕೊಂಡು ಮುಂದೆ ಹೋಗೋದು ಕಲಿಸೋಕಾಗಲ್ವಾ?"

"ಕಲಿಸ್ತೀನಿ ಅತ್ತಿಗೆ. ಮೊದಲು ನೀವು ಊಟ ಮಾಡಿ."

ಕಲಿಸಿದಳು. ಓದಲಾಗದ ಸ್ಯಾಂಪಲ್ ಬಂದರೆ ಪ್ರೋಗ್ರಾಂ ಆ ರೋಗಿಯ ಹಿಂದಿನ ಅಂಕಿಯನ್ನೇ ಇಟ್ಟುಕೊಂಡು, ಪರದೆಯ ಮೂಲೆಯಲ್ಲಿ ಹಳದಿ ತ್ರಿಕೋನ ತೋರಿಸಿ ಮುಂದೆ ಹೋಗುತ್ತಿತ್ತು. ತ್ರಿಕೋನ ಒತ್ತಿದರೆ ಒಂದು ಸಾಲು: 'ಸಣ್ಣ ತೊಂದರೆ. ಕೆಲಸ ಮುಂದುವರಿದಿದೆ.' ಆ ಸಾಲಿಗಾಗಿ ಒಂದಿಡೀ ಮಧ್ಯಾಹ್ನ ತಲೆ ಕೆಡಿಸಿಕೊಂಡಿದ್ದಳು. ಹೆದರಿಸಬಾರದು, ಸುಳ್ಳೂ ಹೇಳಬಾರದು. ಆಫೀಸಿನಲ್ಲಿ ಅವಳಿಗೆ 'ಸಮಾಧಾನಮ್ಮ' ಎಂದು ಹೆಸರು ಬಿತ್ತು. ಮನೆಯಲ್ಲಿ ಅಣ್ಣ ಉಪ್ಪು ಕಡಿಮೆಯಾದಾಗಲೆಲ್ಲ "ಸಣ್ಣ ತೊಂದರೆ, ಊಟ ಮುಂದುವರಿದಿದೆ" ಎನ್ನತೊಡಗಿದ. ಲ್ಯಾಬಿನವರ ಕಣ್ಣಿಗೆ ಮೊದಲ ವಾರ ತ್ರಿಕೋನ ಬಿತ್ತು. ಎರಡನೇ ವಾರ ಅದೂ ಗಾಜಿನ ಮೇಲಿನ ಕಲೆಯಂತಾಯಿತು.

ಅಣ್ಣನದು ಬೀಗ, ಕೀಲಿಗಳ ಕೆಲಸ. ಅವನ ಕಿಡ್ನಿ ಸ್ವಲ್ಪ ಸೋತಿತ್ತು. ಪ್ರತಿ ತಿಂಗಳು ಪರೀಕ್ಷೆಗೆ ರಕ್ತ ಕೊಡಬೇಕು, ಕ್ರಿಯಾಟಿನಿನ್ ಅಂಕಿ ಎರಡು ದಾಟಿದರೆ ಒಂದು ದಿನವೂ ತಡಮಾಡದೆ ಬರಬೇಕು ಎಂದಿದ್ದರು ಡಾಕ್ಟರು. ದಾಟಲಿಲ್ಲ. ಅತ್ತಿಗೆ ಒಂದೊಂದು ರಿಪೋರ್ಟನ್ನೂ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದಳು. ಚಪ್ಪಲಿ ಬಿಗಿಯಾಗುತ್ತಿದೆ ಎಂದು ಅಣ್ಣ ಅಂಗಡಿಯವನನ್ನು ಬೈದುಕೊಂಡ.

ಭಾನುವಾರ ಬೆಳಿಗ್ಗೆ ಹಾಲು ತೆಗೆಯಲು ಹೋದ ನಾದಿನಿ ಫ್ರಿಜ್ಜಿನ ಮುಂದೆ ನಿಂತುಬಿಟ್ಟಳು. ನಾಲ್ಕು ತಿಂಗಳು, ನಾಲ್ಕು ಹಾಳೆ. 1.43. 1.43. 1.43. 1.43.

ಜೀವ ಇರುವ ಮೈ ಒಂದೇ ಅಂಕಿಯನ್ನು ಹೀಗೆ ಕಚ್ಚಿಕೊಂಡು ಕೂರುವುದಿಲ್ಲ. ತ್ರಿಕೋನವನ್ನು ಅವಳು ಪರದೆಗೆ ಮಾತ್ರ ಬರೆದಿದ್ದಳು. ಕಾಗದಕ್ಕೆ ಬರೆಯುವುದನ್ನು ಮರೆತಿದ್ದಳು.

ಮರುದಿನ ಲ್ಯಾಬಿನಲ್ಲಿ ಅವಳ ಎದುರಿಗೇ ಅತ್ತಿಗೆ ಗಂಡನ ರಕ್ತವನ್ನು ಬೆಳಕಿಗೆ ಹಿಡಿದಳು. ಹಾಲು ಬೆರೆಸಿದ ಹಾಗೆ ಮಸುಕಾಗಿತ್ತು. ಯಂತ್ರಕ್ಕೆ ಓದಲಾಗುತ್ತಿರಲಿಲ್ಲ.

"ಮುಂಚೆ ಅದು ಸತ್ತಾಗೆಲ್ಲ ನಿನಗೆ ಶಾಪ ಹಾಕ್ಕೊಂಡು ಕೈಯಲ್ಲೇ ಟೆಸ್ಟ್ ಮಾಡ್ತಿದ್ದೆ ಕಣೆ," ಎಂದಳು ಅತ್ತಿಗೆ. "ಅದು ಸಾಯೋದು ನಿಂತ ಮೇಲೆ ನಾನು ನೋಡೋದೂ ನಿಂತೋಯ್ತು."

ಕೈಯಲ್ಲೇ ಮಾಡಿದಳು. 7.9.

"ಮೂರು ತಿಂಗಳ ಹಿಂದೆ ಬಂದಿದ್ರೆ..." ಎಂದ ಡಾಕ್ಟರು ಕನ್ನಡಕ ತೆಗೆದು ಒರೆಸತೊಡಗಿದರು.

ಅತ್ತಿಗೆ ಲ್ಯಾಬಿನಲ್ಲೇ ಉಳಿದಳು. ನಾದಿನಿ ಅಣ್ಣನ ಅಂಗಡಿಗೆ ಹೋದಳು. ಅವನು ಕೀಲಿಯೊಂದನ್ನು ಮೇಜಿನ ಇಕ್ಕಳಕ್ಕೆ ಸಿಕ್ಕಿಸಿ ಅರದಿಂದ ಉಜ್ಜುತ್ತಿದ್ದ. ಚಪ್ಪಲಿ ಪಕ್ಕಕ್ಕೆ ಬಿಚ್ಚಿಟ್ಟಿದ್ದ. ಪಾದಗಳಲ್ಲಿ ಪಟ್ಟಿಯ ಗುರುತು ಆಳವಾಗಿ ಕೂತಿತ್ತು.

"ಎಷ್ಟು ಬಂತೇ?"

ಹಳೆಯ ಅಂಕಿ ನಾಲಿಗೆಯ ತುದಿಗೇ ಬಂದಿತ್ತು. "ಸಣ್ಣ ತೊಂದರೆ ಅಣ್ಣ," ಎಂದಳು.

"ಮುಖದ ತುಂಬ ಹಳದಿ ತ್ರಿಕೋನ ಇಟ್ಕೊಂಡು ಬಂದಿದೀಯ," ಎಂದು ನಕ್ಕ. ಅವಳು ನಗಲಿಲ್ಲ. ಅವನೂ ನಿಲ್ಲಿಸಿದ. "ಅಂಕಿ ಹೇಳು."

"ಏಳು ಪಾಯಿಂಟ್ ಒಂಬತ್ತು."

ಅಣ್ಣ ತಲೆಯಾಡಿಸಿದ. ಅರವನ್ನು ಮತ್ತೆ ಕೀಲಿಯ ಮೇಲಿಟ್ಟ. ಹಿತ್ತಾಳೆಯ ಪುಡಿ ಅವನ ಮಡಿಲಿಗೆ ಉದುರತೊಡಗಿತು. ಅವಳು ಏನೇನೋ ಹೇಳುತ್ತ ಹೋದಳು: ತನ್ನ ತಪ್ಪು, ನಾಳೆಯೇ ಆಸ್ಪತ್ರೆ, ಬೇರೆ ಡಾಕ್ಟರು. ಅವನು ಹೂಂಗುಟ್ಟುತ್ತ ಉಜ್ಜುತ್ತಲೇ ಇದ್ದ. ಕೀಲಿಯ ಹಲ್ಲುಗಳು ಒಂದೊಂದಾಗಿ ಸವೆದು, ಕೊನೆಗೆ ಅದು ಯಾವ ಬೀಗಕ್ಕೂ ಆಗದ ಬೋಳು ತಗಡಾಯಿತು. ಆಮೇಲೂ ಕೈ ನಿಲ್ಲಲಿಲ್ಲ.