ಬಾಯಿ ಮುಕ್ಕಳಿಸುವ ಔಷಧ

ಮೆಹಬೂಬಬೀ ಬಾಟಲಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ಅಲುಗಾಡಿಸಿದಳು. ತಳದಲ್ಲಿ ಬೆರಳಿನ ಗೆಣ್ಣಿನಷ್ಟು ಹಸಿರು ನೀರು ಮಾತ್ರ ಉಳಿದಿತ್ತು.

"ಇದೇನಣ್ಣಾ? ತಿಂಗಳಿಗಂತ ಕೊಟ್ಟು ಹೋಗಿದ್ದೆ. ಇವತ್ತಿಗೆ ಬರೇ ಹದಿನೈದು ದಿನ ಆಗೈತಿ."

ಮಂಚದ ಮೇಲೆ ಕುಳಿತಿದ್ದ ಕಲ್ಲೇಶ ತಲೆ ಎತ್ತಲಿಲ್ಲ. ಚಹಾ ಹಿಡಿದು ಅಡುಗೆಮನೆಯ ಬಾಗಿಲಿಗೆ ಬಂದಿದ್ದ ಅವನ ಹೆಂಡತಿ ಶಿವಲೀಲಾ ಅಲ್ಲೇ ನಿಂತಳು.

"ನುಂಗಾಕತ್ತೀಯೇನು ಮತ್ತ?" ಮೆಹಬೂಬಬೀ ಕೇಳಿದಳು. "ಮುಕ್ಕಳಿಸಿ ಉಗುಳೋದು ಅಂತ ಎಷ್ಟ ಸಲ ಹೇಳೀನಿ. ಶರಬತ್ ಅಲ್ಲಣ್ಣಾ ಇದು."

ಎಂಟು ತಿಂಗಳ ಹಿಂದೆ ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಕಲ್ಲೇಶನ ಎಡಗೆನ್ನೆಯ ಗಡ್ಡೆಯನ್ನೂ ಅದರ ಜೊತೆ ದವಡೆಯ ಒಂದು ತುಂಡನ್ನೂ ತೆಗೆದಿದ್ದರು. ಹದಿನೆಂಟು ವರ್ಷ ಗ್ರಾನೈಟ್ ಕೊಯ್ಯುವ ಯಂತ್ರದ ಮುಂದೆ ನಿಂತು, ಧೂಳು ಒಳಗೆ ಇಳಿಯದಂತೆ ತಡೆಯುತ್ತದೆ ಎಂದು ಗುಟ್ಕಾ ಜಗಿದವನು ಅವನು. ಮನೆಗೆ ಕಳಿಸುವಾಗ ಆಸ್ಪತ್ರೆಯವರು ಕೊಪ್ಪಳದ ಒಂದು ಸಂಸ್ಥೆಯ ನಂಬರು ಬರೆದುಕೊಟ್ಟಿದ್ದರು. ಇಂಥ ರೋಗಿಗಳ ಮನೆಗೇ ಬಂದು ನೋಡಿಕೊಳ್ಳುವವರು. ಅಂದಿನಿಂದ ಯಲಬುರ್ಗಾ ಕಡೆಯ ಮಂಗಳೂರು ಎಂಬ ಈ ಹಳ್ಳಿಗೆ ಹದಿನೈದು ದಿನಕ್ಕೊಮ್ಮೆ, ಗುರುವಾರ, ಬಿಳಿ ಜೀಪೊಂದು ಬರುತ್ತಿತ್ತು. ನರ್ಸ್ ಮೆಹಬೂಬಬೀ ಗಾಯ ತೊಳೆಯುತ್ತಿದ್ದಳು, ಗುಳಿಗೆ ಎಣಿಸಿ ಕೊಡುತ್ತಿದ್ದಳು, ಕಲ್ಲೇಶನ ಹಲ್ಲುಗಳ ನಡುವೆ ಐಸ್‌ಕ್ರೀಂ ಕಡ್ಡಿಗಳನ್ನು ಒಂದರ ಮೇಲೊಂದು ತುರುಕಿ ಬಾಯಿ ಎಷ್ಟು ತೆರೆಯುತ್ತದೆ ಎಂದು ಅಳೆಯುತ್ತಿದ್ದಳು. ಮೊದಲ ಸಲ ಆರು ಕಡ್ಡಿ ಹಿಡಿದಿದ್ದವು. ಇವತ್ತು ಹನ್ನೆರಡು. ಹನ್ನೆರಡನೆಯದು ಒಳಗೆ ಹೋದಾಗ ಜೀಪಿನ ಡ್ರೈವರ್ ಹನಮಪ್ಪ ಹೊರಗಿನಿಂದಲೇ, "ಇನ್ನ ಮುಂದಿನ ತಿಂಗಳು ಭಾಷಣಕ್ಕ ನಿಲ್ಲಸೋಣ್ರಿ," ಎಂದು ಕೂಗಿದ್ದ.

ಈಗ ಆ ಗೆಲುವು ಮೆಹಬೂಬಬೀಯ ಮುಖದಲ್ಲಿ ಉಳಿದಿರಲಿಲ್ಲ. ಅವಳು ಬಾಟಲಿಯನ್ನು ಕೆಳಗಿಟ್ಟಳು.

"ಖರೇ ಹೇಳಣ್ಣಾ. ಗುಟ್ಕಾ ಮತ್ತ ಶುರು ಮಾಡೀಯೇನು? ವಾಸನಿ ಬರಬಾರದು ಅಂತ ತಾಸಿಗೊಮ್ಮೆ ಮುಕ್ಕಳಿಸಾಕತ್ತೀಯೇನು?"

ಕಲ್ಲೇಶ ಕಣ್ಣೆತ್ತಿ ಹೆಂಡತಿಯನ್ನು ನೋಡಿದ. ಅರೆಕ್ಷಣ ಅಷ್ಟೇ. ಆಮೇಲೆ ನರ್ಸಿನ ಕಡೆ ತಿರುಗಿ, ಹೌದೆನ್ನುವಂತೆ ತಲೆಯಾಡಿಸಿದ.

ಅದು ಸುಳ್ಳೆಂದು ಶಿವಲೀಲಾಳಿಗೆ ಗೊತ್ತಿತ್ತು. ಆಸ್ಪತ್ರೆಯಿಂದ ಬಂದಮೇಲೆ ಅವನು ಗುಟ್ಕಾದ ಅಂಗಡಿ ಇರುವ ಬೀದಿಯಲ್ಲೇ ನಡೆದಿರಲಿಲ್ಲ. ಔಷಧ ಖಾಲಿ ಮಾಡಿದವಳು ಅವಳು. ಒಂದು ತಿಂಗಳಿನಿಂದ ಅವಳ ನಾಲಗೆಯ ಬಲಮಗ್ಗುಲಲ್ಲಿ ಹುಣ್ಣಾಗಿತ್ತು. ಉಪ್ಪು ನೀರು, ಜೇನುತುಪ್ಪ, ಬೆಣ್ಣೆ ಯಾವುದಕ್ಕೂ ಬಗ್ಗಿರಲಿಲ್ಲ. ನಸುಕಿನಲ್ಲಿ ಅವನು ಏಳುವ ಮೊದಲು ಹಿತ್ತಲಿಗೆ ಹೋಗಿ, ಅವನ ಔಷಧವನ್ನು ಬಾಯಿತುಂಬ ಹಾಕಿಕೊಂಡು, ಸದ್ದಾಗದಂತೆ ಗೋಡೆಯ ಬುಡಕ್ಕೆ ಉಗುಳುತ್ತಿದ್ದಳು. ಅವನು ನಿದ್ದೆಯಲ್ಲಿದ್ದಾನೆ ಎಂದುಕೊಂಡಿದ್ದಳು. ಅವನು ನೋಡಿದ್ದನೆಂಬುದು ಈಗ ತಿಳಿಯಿತು.

ಹುಣ್ಣು ಎಲ್ಲಿಂದ ಬಂತೆಂಬುದರ ಬಗ್ಗೆ ಅವಳಿಗೆ ಸಂಶಯವೇ ಇರಲಿಲ್ಲ. ಮದುವೆಯಾದ ಹತ್ತೊಂಬತ್ತು ವರ್ಷ, ಅತ್ತೆ ಹೇಳಿಕೊಟ್ಟ ಹಾಗೆ, ಗಂಡ ಉಂಡೆದ್ದ ಗಂಗಾಳದಲ್ಲೇ ಅವಳು ಬಡಿಸಿಕೊಂಡು ಉಂಡಿದ್ದಳು. ಅವನ ಕೆನ್ನೆಯೊಳಗೆ ಗಡ್ಡೆ ಬೆಳೆಯುತ್ತಿದ್ದ ಆ ಒಂದು ವರ್ಷವೂ ಉಂಡಿದ್ದಳು. ಬೀಜದ ಹೊಲದಲ್ಲಿ ಹೂವಿಗೆ ಪರಾಗ ಮುಟ್ಟಿಸುವ ಕೆಲಸಕ್ಕೆ ಹೋದಾಗ, "ಬಾಯಿ ಬ್ಯಾನಿ ಎಂಜಲಕ್ಕ ಹತ್ತತೈತಂತ, ದೂರ ಇರು," ಎಂದು ಜೊತೆಯ ಹೆಂಗಸರು ಪಿಸುಗುಟ್ಟಿದ್ದರು. ನಾಲಗೆ ಉರಿಯತೊಡಗಿದ ದಿನವೇ ಅವಳು ತನ್ನ ಗಂಗಾಳ, ತನ್ನ ಲೋಟ ಬೇರೆ ಮಾಡಿಕೊಂಡಳು. ಕಲ್ಲೇಶನೂ ಉಂಡಾದ ಮೇಲೆ ತನ್ನ ಗಂಗಾಳವನ್ನು ತಾನೇ ತೊಳೆದಿಡತೊಡಗಿದ. ತನಗೆ ಅವನ ಎಂಜಲು ಅಸಹ್ಯವಾಗಿದೆಯೆಂದು ಅವನು ತಿಳಿದಿರಬಹುದು, ಹೇಳಿಬಿಡಬೇಕು ಎಂದು ದಿನವೂ ಅಂದುಕೊಳ್ಳುತ್ತಿದ್ದಳು. ಹೇಳಿದರೆ ಹುಣ್ಣು ನಿಜವಾಗಿಬಿಡುತ್ತಿತ್ತು. ಮಗಳು ಕೊಪ್ಪಳದ ಹಾಸ್ಟೆಲ್ಲಿನಲ್ಲಿದ್ದಳು, ಪಿಯುಸಿ ಎರಡನೇ ವರ್ಷ. ಅಪ್ಪನ ಜೊತೆ ಅಮ್ಮನೂ ಹೋದರೆ ಆ ಹುಡುಗಿಗೆ ಯಾರು?

ಮೆಹಬೂಬಬೀ ಫೈಲು ತೆರೆದು ಪೆನ್ನಿನ ಮುಚ್ಚಳ ತೆಗೆದಳು. "ನಾ ಇದನ್ನ ಬರೀಲೇಬೇಕಾಗತೈತಿ ಅಣ್ಣಾ. ದೊಡ್ಡ ಡಾಕ್ಟರ್ ನೋಡ್ತಾರ. ಹನ್ನೆರಡು ಕಡ್ಡಿ ತನ ಬಂದು ಇದೇನ ಮಾಡ್ಕೊಂಡಿ?" ಅವಳ ದನಿಯಲ್ಲಿ ಸಿಟ್ಟಿಗಿಂತ ದಣಿವು ಹೆಚ್ಚಿತ್ತು.

ಕಲ್ಲೇಶ ಬೈಗುಳಕ್ಕೆ ಒಡ್ಡುವವನ ಹಾಗೆ ಕುತ್ತಿಗೆ ಬಗ್ಗಿಸಿದ.

"ಅವರಲ್ರಿ ಅಕ್ಕಾರ," ಶಿವಲೀಲಾ ಅಂದಳು. "ನಾನ್ರಿ."

"ಏನ ನೀನು? ಗುಟ್ಕಾ?"

"ಅಲ್ರಿ. ಔಷಧ. ನನಗೂ ಆಗೈತ್ರಿ. ಅವರದು ನನಗ ಹತ್ತೈತಿ."

ಹೇಳಿ ಮುಗಿಸಿ ಅವಳು ಚಹಾದ ಕಪ್ಪನ್ನು ಕೆಳಗಿಟ್ಟು ಬಾಗಿಲ ಚೌಕಟ್ಟಿಗೊರಗಿ ಕುಳಿತಳು. ಮೆಹಬೂಬಬೀ ಪೆನ್ನು ಮುಚ್ಚಿ, ಚೀಲದಿಂದ ಟಾರ್ಚು ತೆಗೆದು ಅವಳೆದುರು ಕೂತಳು.

"ಬಾಯಿ ತಗಿ. ನಾಲಿಗಿ ಹೊರಗ. ಆ ಕಡೆ ಹೊಳ್ಳಸು. ಎಷ್ಟ ದಿನ ಆತು?"

"ತಿಂಗಳಾತ್ರಿ."

"ತಿಂಗಳ! ಎರಡು ಸಲ ಬಂದು ಹೋಗೀನಿ, ಚಹಾ ಕುಡದ ಹೋಗೀನಿ. ಬಾಯಿ ಇರಲಿಲ್ಲೇನು ನಿನಗ?" ಕೈಗೆ ಗ್ಲೌಸ್ ಹಾಕಿಕೊಂಡು ಅವಳು ಹಲ್ಲಿನ ಸಾಲನ್ನು ಮುಟ್ಟಿ ನೋಡಿದಳು. ಒಂದು ಕಡೆ ಬೆರಳು ನಿಂತಿತು. "ಈ ದವಡಿ ಹಲ್ಲು ಯಾವಾಗ ಮುರೀತು?"

"ಶೇಂಗಾ ತಿನ್ನಾಗ ಕಲ್ಲಿನ ಹಳ್ಳು ಸಿಕ್ಕಿತ್ರಿ. ಯುಗಾದಿ ಮುಂದ."

"ಬ್ಲೇಡ್ ಆಗೈತಿ ಇದು. ನಾಲಿಗಿ ಹೊಳ್ಳಿದಾಗೊಮ್ಮೆ ಕೊಯ್ಯಾಕತ್ತೈತಿ. ನೋಡಿದ್ರ ನನಗ ಹಲ್ಲಿಂದಽ ಅನಸ್ತೈತಿ. ಆದ್ರ ನಾ ಡಾಕ್ಟರ್ ಅಲ್ಲ. ಏಳು, ಸೀರಿ ಉಟ್ಕೋ. ಯಲಬುರ್ಗಾಕ್ಕ ಹೋಗೋಣು."

"ಈಗ್ರಿ? ಅವರೊಬ್ಬರಽ…"

ಕಲ್ಲೇಶ ಕೈಬೀಸಿದ. ಹೋಗು, ಹೋಗು.

"ಮತ್ತೊಂದು ಕೇಳು," ಮೆಹಬೂಬಬೀ ಟಾರ್ಚನ್ನು ಚೀಲಕ್ಕೆ ಹಾಕುತ್ತ ಅಂದಳು. "ಹನ್ನೊಂದು ವರ್ಷದಿಂದ ಇಂಥಾವ್ರ ಬಾಯಿ ತೊಳಿಯಾಕತ್ತೀನಿ. ಇದು ಹತ್ತೋ ಬ್ಯಾನಿ ಆಗಿದ್ರ ನಾ ಎಷ್ಟ ಸಲ ಸಾಯಬೇಕಾಗಿತ್ತು? ಗಂಡನ ತಾಟಿನ್ಯಾಗ ಉಣ್ಣು ಅಂತ ನಾ ಹೇಳಾಂಗಿಲ್ಲ. ಬೇಕಾದ್ರ ಉಣ್ಣು, ಬ್ಯಾಡಾದ್ರ ಬಿಡು. ಹೆದರಿ ಬಿಡಬ್ಯಾಡ."

ಕಲ್ಲೇಶ ಇದನ್ನು ಕೇಳಿ ಹೆಂಡತಿಯ ಕಡೆ ನೋಡಿದ. ಆಪರೇಷನ್ ಆದ ಮೇಲೆ ಅವನ ಮಾತು ತೊದಲಾಗಿ, ಅರ್ಧ ಗಾಳಿಯಾಗಿ ಬರುತ್ತಿತ್ತು. ಅವನು ಒಂದೊಂದೇ ಅಕ್ಷರ ಹೊರಡಿಸಿದ. "ಹುಚ್ಚಿ. ಅದಕ್ಕೇನು ಗಂಗಾಳ ಬ್ಯಾರೆ?"

ಶಿವಲೀಲಾ ಒಳಗೆ ಹೋಗಿ ಸೀರೆ ಬದಲಾಯಿಸಿಕೊಂಡು ಬಂದಳು. ಕಲ್ಲೇಶನ ಹತ್ತಿರ ಕೂರಲು ಪಕ್ಕದ ಮನೆಯ ಕಳಕಮ್ಮ ಬಂದಳು. "ಹೋಗಿ ಬಾರವಾ, ನಿನ್ನ ಗಂಡನ್ನ ನಾನೇನ ಓಡಿಸ್ಕೊಂಡ ಹೋಗಾಂಗಿಲ್ಲ," ಎಂದು ಬೆನ್ನು ತಟ್ಟಿದಳು.

ಯಲಬುರ್ಗಾದ ಹಲ್ಲಿನ ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು, ಸಂಸ್ಥೆಯ ಪರಿಚಯದವಳು. ಮುರಿದ ಹಲ್ಲಿನ ಅಂಚನ್ನು ಉಜ್ಜಿ ದುಂಡಗೆ ಮಾಡಿದಳು. ಯಂತ್ರದ ಸದ್ದಿಗೆ ಶಿವಲೀಲಾ ಕುರ್ಚಿಯ ಕೈ ಬಿಗಿಹಿಡಿದುಕೊಂಡಿದ್ದಳು.

"ಎರಡು ವಾರದಾಗ ಮಾಯಬೇಕು," ಡಾಕ್ಟರು ಅಂದಳು. "ಮಾಯಲಿಲ್ಲಂದ್ರ ಒಂದು ಚೂರು ತಗದು ಪರೀಕ್ಷಾಕ್ಕ ಕಳಸೋಣ್ರಿ."

ಶಿವಲೀಲಾಳ ಕಿವಿಯಲ್ಲಿ ಉಳಿದದ್ದು ಎರಡನೆಯ ಮಾತು. ಹುಬ್ಬಳ್ಳಿಯಲ್ಲೂ ಮೊದಲು ಒಂದು ಚೂರನ್ನೇ ತೆಗೆದಿದ್ದರು.

ಆ ಎರಡು ವಾರ ಅವಳು ಕನ್ನಡಿ ನೋಡಲಿಲ್ಲ. ಅವಳ ಹುಣ್ಣನ್ನು ನೋಡಿದವನು ಕಲ್ಲೇಶ. ಮೆಹಬೂಬಬೀ ಹೊಸ ಬಾಟಲಿಯೊಂದಕ್ಕೆ ಪಟ್ಟಿ ಅಂಟಿಸಿ ಅವಳ ಹೆಸರು ಬರೆದುಕೊಟ್ಟಿದ್ದಳು. ದಿನಾ ಬೆಳಿಗ್ಗೆ ಅವನು ಎರಡು ಮುಚ್ಚಳಕ್ಕೂ ಔಷಧ ಸುರಿಯುತ್ತಿದ್ದ. ಗಂಡ ಹೆಂಡತಿ ಹಿತ್ತಲಲ್ಲಿ ಅಕ್ಕಪಕ್ಕ ನಿಂತು, ಕೆನ್ನೆ ಉಬ್ಬಿಸಿ, ಗೊಳಗೊಳ ಮುಕ್ಕಳಿಸಿ ಉಗುಳುತ್ತಿದ್ದರು. ಆಮೇಲೆ ಅವನು ಮೊಬೈಲಿನ ಬೆಳಕು ಬಿಟ್ಟು, ನರ್ಸಿನ ಧಾಟಿಯಲ್ಲೇ ಗಲ್ಲ ಎತ್ತಿ ಅವಳ ನಾಲಗೆ ನೋಡುತ್ತಿದ್ದ. ಆರನೆಯ ದಿನ ಎರಡು ಬೆರಳು ಹತ್ತಿರ ತಂದು ತೋರಿಸಿದ. ಸಣ್ಣದಾಗಿದೆ. ಅವಳು ನಂಬಲಿಲ್ಲ. ಹತ್ತನೆಯ ದಿನ ಊಟದ ಹೊತ್ತಿಗೆ ತನ್ನ ಗಂಗಾಳ ತೊಳೆಯಲು ಎದ್ದವನನ್ನು ತಡೆದು, ಅದರಲ್ಲೇ ಗಂಜಿ ಹಾಕಿಕೊಂಡಳು.

ಎರಡು ವಾರ ತುಂಬಿದ ಗುರುವಾರ ಮತ್ತೆ ಯಲಬುರ್ಗಾ. ಡಾಕ್ಟರು ನಾಲಗೆಯನ್ನು ಬಟ್ಟೆಯಲ್ಲಿ ಹಿಡಿದು ಎಳೆದು, ಒತ್ತಿ, ದೀಪ ಹತ್ತಿರ ತಂದು ನೋಡಿದಳು. ಅಷ್ಟು ಹೊತ್ತು ಬೇಕೇ ಎಂದು ಶಿವಲೀಲಾಳಿಗೆ ಅನಿಸಿತು.

"ಪೂರ್ತಿ ಮಾಯ್ದೈತ್ರಿ. ಪರೀಕ್ಷಾ ಏನೂ ಬೇಕಾಗಿಲ್ಲ."

"ಅಂದ್ರ… ಏನೂ ಇಲ್ರಿ?"

"ಏನೂ ಇಲ್ರಿ. ಶೇಂಗಾ ಆರಿಸಿ ತಿನ್ರಿ."

ವಾಪಸು ಬರುವಾಗ ಜೀಪಿನಲ್ಲಿ ಯಾರಾದರೂ ಮಾತಾಡಿಸಿದರೆ ನಗು ಉಕ್ಕಿಬಿಡುತ್ತದೆ ಎನಿಸಿ ಅವಳು ಹೊರಗೆ ನೋಡುತ್ತ ಕುಳಿತಳು. ಹನಮಪ್ಪ ಕನ್ನಡಿಯಲ್ಲಿ ಅವಳನ್ನು ನೋಡಿ, "ಅಕ್ಕಾರ, ಇವರಿಗೆ ನಾಲಿಗಿ ವಾಪಸ್ ಕೊಟ್ರಿಲ್ಲೇನ್ರಿ?" ಎಂದ. ಮೆಹಬೂಬಬೀ ಅವನಿಗೊಂದು ಬೈದು, ಶಿವಲೀಲಾಳ ಕೈಮೇಲೆ ಕೈಯಿಟ್ಟು ಕಣ್ಣು ಮುಚ್ಚಿದಳು. ಇನ್ನೂ ಮೂರು ಮನೆ ಉಳಿದಿದ್ದವು ಅವಳಿಗೆ. ಊರ ಮುಂದಿನ ಕಾಯಿಪಲ್ಯದ ಗಾಡಿಯ ಹತ್ತಿರ ಶಿವಲೀಲಾ ಇಳಿದುಕೊಂಡಳು.

ಸಂಜೆ ಒಲೆ ಹೊತ್ತಿಸಿ, ಹಂಚಿಗೆ ಎಣ್ಣೆ ಬಿಟ್ಟು, ಹಸಿಮೆಣಸಿನಕಾಯಿ ಸುರುವಿದಳು. ಒಂದೂವರೆ ತಿಂಗಳಾಗಿತ್ತು ಖಾರ ತಿಂದು. ಕಾಯಿಗಳು ಚಟಪಟ ಸಿಡಿದು ಮೈಮೇಲೆ ಬಿಳಿ ಗುಳ್ಳೆ ಎದ್ದವು. ಘಾಟು ಅಡುಗೆಮನೆ ದಾಟಿ ಪಡಸಾಲೆಗೆ ಹೋಯಿತು. ಅಲ್ಲಿ ಕುಳಿತಿದ್ದ ಕಲ್ಲೇಶ ಸೀನಿದ. ಮತ್ತೆ ಸೀನಿದ, ದವಡೆಗೆ ಕೈ ಒತ್ತಿಕೊಂಡು, ನಗುತ್ತ.

"ಏನವಾ ಶಿವಲೀಲಾ," ಗೋಡೆಯಾಚೆಯಿಂದ ಕಳಕಮ್ಮ ಕೆಮ್ಮುತ್ತ ಕೂಗಿದಳು. "ಓಣ್ಯಾನ ಮಂದಿನ್ನೆಲ್ಲಾ ಕೊಲ್ಲಬೇಕಂತ ಮಾಡೀಯೇನು?"

ಶಿವಲೀಲಾ ಸೆರಗಿನಿಂದ ಮೂಗು ಮುಚ್ಚಿಕೊಂಡು, ಇನ್ನೊಂದು ಹಿಡಿ ಮೆಣಸಿನಕಾಯಿಯನ್ನು ಹಂಚಿಗೆ ಹಾಕಿದಳು.