ಗಂಗೆಯ ಮೇಲೆ ಬಿಗಿದ ಬೆಲ್ಟ್

ಹುಲಿಗೆಮ್ಮ ನನ್ನನ್ನು ಸೀಟಿನ ಸಂದಿಯಿಂದ ಎಳೆದು ತೆಗೆದು, ಯಾವುದೋ ಮಗು ಮೆತ್ತಿದ್ದ ಚಾಕೊಲೇಟನ್ನು ಒದ್ದೆ ಬಟ್ಟೆಯಿಂದ ಉಜ್ಜುತ್ತಿದ್ದಳು. ವಿಮಾನ ನಿಂತ ಸ್ವಲ್ಪ ಹೊತ್ತಿನಲ್ಲೇ ಸಾಲುಸಾಲಾಗಿ ಗುಡಿಸಿ, ನಮ್ಮ ಎರಡೂ ತುದಿಗಳನ್ನು ಕೈಕಟ್ಟಿ ಕೂತವರ ಹಾಗೆ ಅಡ್ಡಡ್ಡ ಇಟ್ಟು ಹೋಗುವುದು ಅವಳ ಕೆಲಸ.

"ಎಲ್ಲಾ ನಿನ್ನ ಮೇಲೇ ಕೂತು ಹೋಗ್ತಾರೆ, ಒಂದಿನಾನೂ ಮುನಿಸ್ಕೊಂಡಿಲ್ಲ ನೋಡು ನೀನು" ಎಂದು ನನ್ನನ್ನು ತಟ್ಟಿ ಮುಂದಿನ ಸಾಲಿಗೆ ಹೋದಳು.

ನಾನು ವಿಮಾನದ ಎಡಗಡೆಯ ಕಿಟಕಿ ಪಕ್ಕದ ಸೀಟಿನ ಬೆಲ್ಟ್. ಹುಟ್ಟಿದ್ದು ಕಾರ್ಖಾನೆಯ ಮಗ್ಗದಲ್ಲಿ. ನೇಯ್ದವರು ಯಾರೋ, ಹೊಲಿದವರು ಯಾರೋ, ಕೊಂಡಿ ಹಾಕಿದವರು ಇನ್ನಾರೋ. ಅಂದಿನಿಂದ ನಾನು ಜನರನ್ನು ಅರಿತದ್ದು ಮುಖ ನೋಡಿ ಅಲ್ಲ, ಹೊಟ್ಟೆ ನೋಡಿ. ಧೈರ್ಯವಂತನಂತೆ ಮಾತಾಡುವವನ ಹೊಟ್ಟೆ ನಡುಗುವುದು ನನಗೊಬ್ಬಳಿಗೇ ಗೊತ್ತು.

ಕೆಳಗಿನಿಂದ ನೋಡುವವರಿಗೆ ಆಕಾಶ ನುಣ್ಣಗೆ ಕಾಣುತ್ತದೆ. ಒಳಗೆ ಹೋದರೆ ಅದೂ ಒಂದು ಹೊಳೆಯೇ. ಸುಳಿಯಿದೆ, ಸೆಳವಿದೆ. ದೊಡ್ಡ ಮೋಡವಿದ್ದರೆ ಪೈಲಟ್ ಸುತ್ತು ಹಾಕಿ ಹೋಗುತ್ತಾನೆ. ಆದರೆ ಹೊಳೆಯುವ ಬಿಸಿಲಲ್ಲಿ ಅಡಗಿರುವ ಗಾಳಿಯ ಸುಳಿ ಯಾರ ಕಣ್ಣಿಗೂ ಬೀಳುವುದಿಲ್ಲ.

ಒಂದು ದಿನ ಬನಹಟ್ಟಿಯ ಭಜನಾ ಮಂಡಳಿಯ ಹೆಂಗಸರು ಕಾಶಿಗೆ ಹೊರಟಿದ್ದರು. ಎಲ್ಲರಿಗೂ ಅದೇ ಮೊದಲ ವಿಮಾನ. ನನ್ನ ಸೀಟಿಗೆ ಬಂದವಳು ನೀಲವ್ವ, ನೇಕಾರರ ಮನೆಯ ಮುದುಕಿ. ಕೂತವಳೇ ನನ್ನನ್ನು ಬೆರಳಲ್ಲಿ ಹೊಸಕಿ ನೋಡಿದಳು.

"ಹಾಸು ಹೊಕ್ಕು ಚಲೋ ಐತಿ. ಸೀರಿ ಸೆರಗಿಗೆ ಹಚ್ಚಬೇಕು ನೋಡ ಇದನ್ನ."

"ಹಚ್ಚವ್ವ, ಹಚ್ಚು. ಸೊಸಿ ಉಟ್ಟು ನಿನ್ನನ್ನ ಮನಿಯಿಂದ ಹೊರಗ ಹಾಕ್ತಾಳ" ಎಂದಳು ಪಕ್ಕದ ಬಸಕ್ಕ.

ನನ್ನನ್ನು ಬಿಗಿದವಳು ಗಗನಸಖಿ ಸುಪ್ರಿಯಾ ತಾಂಡೇಲ, ಕಾರವಾರದವಳು. ಕನ್ನಡದವಳೆಂದು ತಿಳಿದದ್ದೇ ನೀಲವ್ವ ಅವಳ ಕೈಗೆ ಒಂದು ಶೇಂಗಾ ಹೋಳಿಗೆ ತುರುಕಿದಳು.

ಕಾಶಿ ಹತ್ತಿರವಾದಾಗ, ಎಡಗಡೆ ಗಂಗೆ ಕಾಣುತ್ತಿದ್ದಾಳೆಂದು ಪೈಲಟ್ ಹೇಳಿದ. ಬಲಗಡೆಯ ಹೆಂಗಸರೆಲ್ಲ ಬೆಲ್ಟ್ ಬಿಚ್ಚಿ ಎಡಗಡೆಗೆ ನುಗ್ಗಿದರು. ನೀಲವ್ವನೂ ನನ್ನನ್ನು ಬಿಚ್ಚಿ ಎದ್ದಳು. ಗಂಗವ್ವನಿಗೆ ಕೂತು ಕೈಮುಗಿಯುವುದುಂಟೇ? ಅಷ್ಟರಲ್ಲಿ ತಲೆಯ ಮೇಲೆ ಬೆಲ್ಟಿನ ದೀಪ ಹೊತ್ತಿಕೊಂಡಿತು. ಕಣ್ಣು ಮುಚ್ಚಿ ನಿಂತವರಿಗೆ ಅದು ಕಾಣುವುದಾದರೂ ಹೇಗೆ?

ವಿಮಾನ ಒಮ್ಮೆ ಗಡಗಡ ನಡುಗಿತು.

"ಕೂತ್ಕೊಳ್ಳಿ, ಎಲ್ಲಾ ಕೂತ್ಕೊಳ್ಳಿ!" ಎನ್ನುತ್ತ ಸುಪ್ರಿಯಾ ಓಡಿ ಬಂದಳು. ಒಬ್ಬೊಬ್ಬರನ್ನೇ ಸೀಟಿಗೆ ತಳ್ಳಿದಳು. ನೀಲವ್ವನ ಕೈ ಇನ್ನೂ ಮುಗಿದೇ ಇತ್ತು.

"ತಡಿಯವ್ವ, ನಮಸ್ಕಾರ ಪೂರಾ ಆಗಲಿ."

"ಅಜ್ಜಿ, ಕೂತೇ ಮಾಡಿ!"

ಹೆಗಲು ಒತ್ತಿ ಕೂರಿಸಿ, ನನ್ನ ಕೊಂಡಿ ಸಿಕ್ಕಿಸಿದಳು. ಮರುಕ್ಷಣವೇ ವಿಮಾನ ಬಾವಿಗೆ ಬಿಟ್ಟ ಕೊಡದ ಹಾಗೆ ಕೆಳಗೆ ಕುಸಿಯಿತು. ನೀಲವ್ವನ ಮೈಯೆಲ್ಲ ಮೇಲಕ್ಕೆದ್ದು ನನ್ನನ್ನು ಜಗ್ಗಿತು. ಹೊಲಿಗೆಯ ಎಳೆಗಳು ಒಂದೆರಡು ಕಿತ್ತವು, ಆದರೂ ನಾನು ಬಿಡಲಿಲ್ಲ. ಸುಪ್ರಿಯಾಳನ್ನು ಹಿಡಿಯಲು ಮಾತ್ರ ಯಾವ ಬೆಲ್ಟೂ ಇರಲಿಲ್ಲ. ಚಾವಣಿಗೆ ಬಡಿದು, ಸೀಟಿನ ಕೈಯ ಮೇಲೆ ಬಿದ್ದಳು. ಭುಜದ ಮೂಳೆ ಮುರಿದ ಸದ್ದು ನನಗೆ ಕೇಳಿಸಿತು.

ಸುಳಿ ದಾಟಿದ ಮೇಲೆ ಇನ್ನೊಬ್ಬ ಗಗನಸಖಿ ಬಸಕ್ಕನನ್ನು ಬೇರೆ ಸೀಟಿಗೆ ಕಳಿಸಿ, ಅವಳ ಜಾಗದಲ್ಲಿ ಸುಪ್ರಿಯಾಳನ್ನು ಕೂರಿಸಿ ಬೆಲ್ಟ್ ಬಿಗಿದಳು. ವಿಮಾನ ಇಳಿಯುವವರೆಗೂ ನೀಲವ್ವ ಅವಳ ಪೆಟ್ಟಾಗದ ಕೈಯನ್ನು ಬಿಡಲಿಲ್ಲ. ಗಂಗೆಯ ಕಡೆ ತಿರುಗಿಯೂ ನೋಡಲಿಲ್ಲ.

ಕಿತ್ತ ಹೊಲಿಗೆಯ ಬೆಲ್ಟನ್ನು ಮತ್ತೆ ಹಾರಿಸುವ ಹಾಗಿಲ್ಲ. ನನ್ನನ್ನು ಬಿಚ್ಚಿ ಬೆಂಗಳೂರಿನ ಗಗನಸಖಿಯರ ತರಬೇತಿ ಕೋಣೆಯ ಒಂದು ಹಳೇ ಸೀಟಿಗೆ ಕಟ್ಟಿದರು. ಕೆಲವು ತಿಂಗಳ ಮೇಲೆ ಅಲ್ಲಿಗೆ ಪಾಠ ಹೇಳಲು ಸುಪ್ರಿಯಾ ಬಂದಳು. ಭುಜ ಕೂಡಿದೆ, ಹಾರಬಹುದು ಎಂದು ಡಾಕ್ಟರು ಹೇಳಿದ್ದರು. ತನ್ನನ್ನು ಹಾರಾಟಕ್ಕೆ ವಾಪಸ್ ತೆಗೆದುಕೊಳ್ಳಬೇಕೆಂದು ಅವಳೂ ಪತ್ರ ಬರೆದಿಟ್ಟಿದ್ದಳು. ಕಳಿಸಲು ಕೈ ಬರುತ್ತಿರಲಿಲ್ಲ. ಮೇಜಿನ ಖಾನೆಯಿಂದ ತೆಗೆಯುವಳು, ಓದುವಳು, ಮತ್ತೆ ಒಳಗಿಡುವಳು. ಹೀಗೇ ಒಂದು ಮಳೆಗಾಲ ಕಳೆಯಿತು.

ಅಂದೇ ನಂಬರು ಪಡೆದಿದ್ದ ನೀಲವ್ವ ಆಗಾಗ ಫೋನ್ ಮಾಡುತ್ತಿದ್ದಳು. ಒಂದು ಮಧ್ಯಾಹ್ನ ಸುಪ್ರಿಯಾ ನನ್ನ ಸೀಟಿನಲ್ಲಿ ಕೂತು, ರೂಢಿಯಂತೆ ನನ್ನನ್ನು ಬಿಗಿದುಕೊಂಡು, ಫೋನಿನಲ್ಲಿ ಕೇಳಿದಳು: "ಅಜ್ಜಿ, ಕಾಶಿಯಿಂದ ವಾಪಸ್ ಹೇಗೆ ಬಂದ್ರಿ?"

"ವಿಮಾನದಾಗ. ಟಿಕೀಟು ಮೊದಲೇ ತಗಸಿದ್ರಲ್ಲ."

"ಭಯ ಆಗ್ಲಿಲ್ವಾ?"

"ಯಾಕ ಆಗಲಿಲ್ಲ? ಇಳಿಯೂತನಾ ಬೆಲ್ಟ ಎರಡೂ ಕೈಲೆ ಹಿಡಕೊಂಡು ಕುಂತಿದ್ನಿ. ಬಸಕ್ಕ ಅಂತೂ ಶಿವಶಿವಾ ಅಂತ ಇಡೀ ವಿಮಾನ ಎಬ್ಬಿಸಿದ್ಳು. ಅಂಜಿಕಿ ಹೋಗಲಿ, ಆಮ್ಯಾಲ ಹತ್ತೂಣು ಅಂದಿದ್ರ ಇನ್ನೂ ಕಾಶ್ಯಾಗ ಇರ್ತಿದ್ವಿ ಮಗಳ."

ಸುಪ್ರಿಯಾ ನಕ್ಕಳು. ಅವಳ ಹೊಟ್ಟೆ ಕುಲುಕಿದ್ದು ನನಗೆ ತಾಕಿತು. ಫೋನ್ ಇಟ್ಟಳು.

ನಾನಂತೂ ಇನ್ನು ಹಾರುವುದಿಲ್ಲ. ದುಃಖವೇನೂ ಇಲ್ಲ. ಗಾಳಿಯನ್ನು ತಡೆಯುವುದು ನನ್ನ ಕೈಲಿ ಎಂದೂ ಇರಲಿಲ್ಲ. ಅದು ಬಂದು ಹೋಗುವಷ್ಟು ಹೊತ್ತು ಒಬ್ಬರನ್ನು ಹಿಡಿದಿಟ್ಟೆ, ಒಂದು ಜನ್ಮಕ್ಕೆ ಅಷ್ಟು ಸಾಕು.

ಸುಪ್ರಿಯಾ ನನ್ನನ್ನು ಬಿಚ್ಚಿ ಎದ್ದಳು. ಖಾನೆಯಿಂದ ಪತ್ರ ತೆಗೆದಳು. ಈ ಸಲ ಓದಲಿಲ್ಲ. ಹಳೇ ತಾರೀಕು ಹೊಡೆದುಹಾಕಿ ಅಂದಿನದನ್ನು ಬರೆದು, ಲಕೋಟೆ ಅಂಟಿಸಿ, ಟಪಾಲು ಒಯ್ಯಲು ಬಂದ ಜವಾನನ ಕೈಗೆ ಕೊಟ್ಟಳು. ಅವನು ಮೆಟ್ಟಿಲಿಳಿದು ಹೋಗುವವರೆಗೂ ಬಾಗಿಲಲ್ಲೇ ನಿಂತಿದ್ದಳು. ವಾಪಸ್ ಕರೆಯಲಿಲ್ಲ.